ಗಂಧ ಹಚ್ಚುವ ಮೊದಲು ಕೋವಿಗೆ ಎಣ್ಣೆ ಹಾಕಿ

ಮಾನ್ಯ ಸಂಪಾದಕರೇ,

ಪ್ರತಿ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನ ಫೋಟೊಗಳು ಬರುತ್ತವೆ. ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದ್ದು, ತೆಂಗಿನಕಾಯಿಗೆ ಗುರಿ ಇಟ್ಟಿದ್ದು, ಹೆಂಗಸರ ಸ್ಪರ್ಧೆ, ಎಲ್ಲವೂ ನೋಡಲು ಚೆಂದ. ಆದರೆ ಆ ಕೋವಿಗಳ ನಳಿಕೆ ಒಳಗೆ ಹೇಗಿದೆ ಅಂತ ಯಾರಾದರೂ ನೋಡಿರುತ್ತಾರಾ? ನಮ್ಮ ಕೊಡಗು ಜಿಲ್ಲೆಯಲ್ಲಿ ಕೋವಿ ಹಕ್ಕಿನ ಬಗ್ಗೆ ಬೇಕಾದಷ್ಟು ಮಾತಾಗಿದೆ, ಆಗಲೂಬೇಕು. ಕೋವಿಯ ಆರೈಕೆ ಬಗ್ಗೆ ಮಾತ್ರ ಯಾರೂ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಮ್ಮ ಕಡೆ ಕೋವಿ ವರ್ಷದಲ್ಲಿ ಯಾವಾಗ ಸುಮ್ಮನೆ ಕೂರುತ್ತದೆ, ಯೋಚನೆ ಮಾಡಿ. ಗದ್ದೆ ಕೆಲಸ ಶುರುವಾದ ಮೇಲೆ ಆಯುಧ ಒಳಗೆ ಇಟ್ಟು, ನಾಟಿ ಮುಗಿದು ಕೈಲ್ ಪೊಳ್ದ್ ಬಂದಾಗ ಹೊರಗೆ ತೆಗೆಯುವುದು ಹಿಂದಿನಿಂದ ಬಂದ ಪದ್ಧತಿ. ಅಂದರೆ ಜೂನ್, ಜುಲೈ, ಆಗಸ್ಟ್. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ, ಮತ್ತು ಅದರ ಬಹುಪಾಲು ಸುರಿಯುವುದು ಇದೇ ಮೂರು ತಿಂಗಳಲ್ಲಿ. ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೀರುವಿನಲ್ಲಿಟ್ಟ ಸೀರೆಗೂ ಮುಗ್ಗಲು ವಾಸನೆ. ಆ ಹವೆಯಲ್ಲಿ ಎಣ್ಣೆ ಕಾಣದೆ ಕೂತ ಉಕ್ಕಿನ ನಳಿಕೆಯನ್ನು ಸೆಪ್ಟೆಂಬರ್ 3ರಂದು ಹೊರಗೆ ತೆಗೆದು, ಮೇಲೆ ಬಟ್ಟೆಯಿಂದ ಒರೆಸಿ, ಗಂಧ ಹಚ್ಚಿ, ಹೂ ಇಟ್ಟು, ಕೈಮುಗಿದು, ನೇರವಾಗಿ ತೋಟೆ (ಕಾರ್ಟ್ರಿಜ್) ತುಂಬಿ ಗುಂಡು ಹೊಡೆಯುತ್ತೇವೆ. ವರ್ಷದಲ್ಲಿ ಕೋವಿಯ ಸ್ಥಿತಿ ಅತ್ಯಂತ ಕೆಟ್ಟಿರುವ ದಿನವೇ ನಾವು ಅದನ್ನು ಜಾಸ್ತಿ ಬಳಸುವ ದಿನ ಕೂಡ. ಹತ್ತಿರದಲ್ಲಿ ಮಕ್ಕಳು ನಿಂತಿರುತ್ತಾರೆ.

ಇದರ ಜೊತೆ ಈಗ ಇನ್ನೊಂದು ಮಾತು ಕೇಳಿಬರುತ್ತಿದೆ. ಹುಡುಗರು ಮೊಬೈಲ್‌ನಲ್ಲಿ ಹೊರದೇಶದ ವಿಡಿಯೊ ನೋಡುತ್ತಾರೆ. ಅಲ್ಲಿ ಒಂದು ಗುಂಡು ಹೊಡೆದ ಮೇಲೆ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಕೋವಿಯಲ್ಲಿ ಟಪಟಪ ಅಂತ ಗುಂಡು ಹೊಡೆಯುವುದನ್ನು ಕಂಡು, ನಮ್ಮ ಮನೆಯ ಜೋಡಿ ನಳಿಕೆ ಕೋವಿ ಹಳೇ ಸಾಮಾನು, ನಂಬುವ ಹಾಗಿಲ್ಲ, ಅದೇ ಬೇಕು ಅನ್ನುತ್ತಾರೆ. ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೋಮ್ಯಾಟಿಕ್ ಕೋವಿ ಇರುವುದು ನಿಷೇಧಿತ ವರ್ಗದಲ್ಲಿ. ಸಾಮಾನ್ಯ ಲೈಸೆನ್ಸಿಗೆ ಅದು ಸಿಗುವುದಿಲ್ಲ. ಲೈಸೆನ್ಸ್ ಇಲ್ಲದೆ ಕೋವಿ ಇಡಲು ನಮಗಿರುವ ವಿನಾಯಿತಿ ತೋರಿಸಿ ಅದನ್ನು ತರಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ವಿನಾಯಿತಿಯ ಈಗಿನ ಅವಧಿ 2029ರ ಅಕ್ಟೋಬರ್ 31ರವರೆಗೆ ಇದೆ. ಅದನ್ನು ಉಳಿಸಿಕೊಳ್ಳಬೇಕು ಅನ್ನುವವರು ಇಂಥ ಸಾಹಸಕ್ಕೆ ಕೈ ಹಾಕಬಾರದು.

ಕಾನೂನು ಪಕ್ಕಕ್ಕಿಡಿ. ಸೆಮಿ ಆಟೋ ಅಂದರೆ ಕೈ ಕೊಡದ ಕೋವಿ ಅನ್ನುವುದೇ ತಪ್ಪು ತಿಳುವಳಿಕೆ. ನನ್ನ ತಂಗಿಯ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಅದು ಕಾನೂನುಬದ್ಧ, ಅವನ ಹತ್ತಿರ ತೋಟೆಯ ಮದ್ದು ಉರಿದಾಗ ಬರುವ ಗ್ಯಾಸ್‌ನಿಂದ ಓಡುವ ಒಂದು ಇದೆ. ನಾನು ಅಲ್ಲಿಗೆ ಹೋಗಿದ್ದಾಗ ರೇಂಜ್‌ನಲ್ಲಿ ಮಣ್ಣಿನ ಬಿಲ್ಲೆಗೆ ಹೊಡೆಯುತ್ತಿದ್ದ. ಮಧ್ಯದಲ್ಲಿ ಕೋವಿ ನಿಂತುಹೋಯಿತು. ಖಾಲಿ ತೋಟೆ ಪೂರ್ತಿ ಹೊರಗೆ ಬಾರದೆ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ಮನೆಗೆ ಬಂದು ಅಡುಗೆ ಮನೆ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದ. ಮುಂದಿನ ಮುಚ್ಚಳ ತಿರುಗಿಸಿ, ಮರದ ಹಿಡಿ ಎಳೆದು, ನಳಿಕೆ ತೆಗೆದ. ತೋಟೆ ತುಂಬುವ ಕೊಳವೆಯ ಸುತ್ತ ಒಂದು ಪಿಸ್ಟನ್, ಅದರ ಮುಂದೆ ಒಂದು ಚಿಕ್ಕ ರಬ್ಬರ್ ಉಂಗುರ. ಪಿಸ್ಟನ್ ಮೇಲೆ ಕರಿ ಗಟ್ಟಿಯಾಗಿ ಅಂಟಿತ್ತು, ಉಗುರಿನಿಂದ ಕೆರೆದರೂ ಬರಲಿಲ್ಲ. ರಬ್ಬರ್ ಉಂಗುರ ಒಂದು ಕಡೆ ಸೀಳಿತ್ತು. "ದೊಡ್ಡಮ್ಮಾ, ಇಷ್ಟೇ ವಿಷಯ, ಈ ರಬ್ಬರ್ ಹೋದರೆ ಗ್ಯಾಸ್ ಸೋರಿ ಹೋಗುತ್ತೆ, ಕೋವಿ ಅರ್ಧ ದಾರಿಯಲ್ಲಿ ನಿಲ್ಲುತ್ತೆ" ಅಂದ. ಅಂಗಡಿಯಲ್ಲಿ ಅದು ಕೆಲವೇ ಡಾಲರ್‌ಗೆ ಸಿಗುತ್ತದೆ. ನಮ್ಮ ಊರು ನಾಪೋಕ್ಲಿನಲ್ಲಿ ಎಲ್ಲಿ ಹುಡುಕುತ್ತೀರಿ?

ಈ ಜಾತಿಯ ಕೋವಿ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಯಾಕೆ ನಿಲ್ಲುತ್ತದೆ ಅನ್ನುವುದೂ ಗೊತ್ತಾಗುತ್ತದೆ. ನಮ್ಮ ಜೋಡಿ ನಳಿಕೆ ಕೋವಿಯಲ್ಲಿ ತೆರೆಯುವುದು, ಖಾಲಿ ತೋಟೆ ತೆಗೆಯುವುದು, ಹೊಸದು ತುಂಬುವುದು ಎಲ್ಲ ನಮ್ಮ ಕೈಕೆಲಸ. ಸೆಮಿ ಆಟೋದಲ್ಲಿ ಆ ಕೆಲಸವನ್ನೆಲ್ಲ ತೋಟೆಯ ಶಕ್ತಿಯೇ ಮಾಡಬೇಕು. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಆಟೋ-5 ಕೋವಿಯಲ್ಲಿ ನಳಿಕೆಯೇ ಪೂರ್ತಿ ಹಿಂದಕ್ಕೆ ಜಾರಿ ಮತ್ತೆ ಮುಂದೆ ಬರುತ್ತದೆ. ಅದರ ಒಳಗೆ ಘರ್ಷಣೆಯ ಬಳೆಗಳಿವೆ. ಲಘು ತೋಟೆಗೆ ಒಂದು ರೀತಿ, ಭಾರಿ ತೋಟೆಗೆ ಇನ್ನೊಂದು ರೀತಿ ಜೋಡಿಸಬೇಕು. ಲಘು ತೋಟೆಯ ಜೋಡಣೆಯಲ್ಲೇ ಬಿಟ್ಟು ಭಾರಿ ತೋಟೆ ಹೊಡೆಯುತ್ತಾ ಹೋದರೆ ಒಳಗೆ ಪೆಟ್ಟು ಬಿದ್ದು ಮುಂದಿನ ಮರ ಸೀಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಗ್ಯಾಸ್‌ನದು. ನಳಿಕೆಯ ಅಡಿಯ ಸಣ್ಣ ತೂತುಗಳಿಂದ ಗ್ಯಾಸ್ ಬಂದು ಪಿಸ್ಟನ್ ತಳ್ಳುತ್ತದೆ. ಪೆಟ್ಟು ಭುಜಕ್ಕೆ ಕಡಿಮೆ, ನಿಜ. ಆದರೆ ಆ ಗ್ಯಾಸ್ ಜೊತೆ ಮಸಿಯೂ ಬರುತ್ತದೆ, ತೂತು ಕಟ್ಟುತ್ತದೆ. ಇಟಲಿಯ ಬೆನೆಲ್ಲಿ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಕೋವಿ ಹಿಂದೆ ಒದೆಯುವಾಗ, ತೋಟೆಯ ಹಿಂದೆ ನಳಿಕೆ ಮುಚ್ಚುವ ಬೋಲ್ಟ್ ಇದ್ದಲ್ಲೇ ನಿಂತು ಒಂದು ಸ್ಪ್ರಿಂಗನ್ನು ಒತ್ತುತ್ತದೆ, ಆ ಸ್ಪ್ರಿಂಗ್ ಬಿಚ್ಚಿಕೊಂಡಾಗ ಉಳಿದ ಕೆಲಸ ಆಗುತ್ತದೆ. ಒಳಗೆ ಮಸಿ ಕಡಿಮೆ, ಆದರೆ ತೋಟೆ ತೀರಾ ಲಘುವಾದರೆ ಅಥವಾ ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಅದೂ ಮುಗ್ಗರಿಸುತ್ತದೆ.

ಈ ಕೋವಿಗಳ ಬಗ್ಗೆ ಇನ್ನೊಂದು ವಿಷಯ ನಮ್ಮ ಮಳೆಗಾಲಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಇವುಗಳಲ್ಲಿ ಸುಮಾರು ಮಾದರಿಗಳಿಗೆ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗ್ ಹಿಂಬದಿಯ ಮರದ ಒಳಗೆ, ಒಂದು ಉಕ್ಕಿನ ಕೊಳವೆಯಲ್ಲಿ ಇರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ನೀರು ಇಳಿದರೆ ಅಲ್ಲೇ ನಿಲ್ಲುತ್ತದೆ, ಒಳಗೊಳಗೇ ತುಕ್ಕು. ಹೊರಗೆ ಫಳಫಳ ಹೊಳೆಯುವ ಕೋವಿ ಒಂದು ದಿನ ನಿಂತೇಹೋಗುತ್ತದೆ, ಯಾಕೆ ಅಂತ ಮಾಲೀಕನಿಗೆ ಗೊತ್ತಾಗುವುದಿಲ್ಲ. ನಮ್ಮಷ್ಟು ಮಳೆ ಇಲ್ಲದ ಟೆಕ್ಸಾಸ್‌ನಲ್ಲೇ ಈ ದೂರು ಇದೆ ಅಂದರೆ, ನಮ್ಮ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಏನಾಗಬಹುದು ಹೇಳಿ. ಇಷ್ಟು ಹೇಳಿದ್ದಕ್ಕೆ ಸೆಮಿ ಆಟೋ ಕೆಟ್ಟದ್ದು ಅಂತ ಅರ್ಥ ಅಲ್ಲ. ಸರಿಯಾಗಿ ನೋಡಿಕೊಂಡರೆ, ಅದಕ್ಕೆ ತಕ್ಕ ತೋಟೆ ಹಾಕಿದರೆ, ಸಾವಿರಾರು ಗುಂಡು ನಿಲ್ಲದೆ ಹೊಡೆಯುತ್ತದೆ. ಕೋವಿ ಯಾವುದೇ ಇರಲಿ, ನಂಬಿಕೆ ಬರುವುದು ಆರೈಕೆಯಿಂದ ಮತ್ತು ತೋಟೆಯಿಂದ. ಮನೆಯಲ್ಲಿರುವ ಸರಳ ಕೋವಿಗೇ ವರ್ಷಕ್ಕೆ ಎರಡು ಸಲ ಎಣ್ಣೆ ಹಾಕದವರು, ಅದಕ್ಕಿಂತ ಜಾಸ್ತಿ ಭಾಗಗಳಿರುವ ಕೋವಿ ಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಮ್ಮ ಕೋವಿಗಳ ಮಾತು. ಹಳೆಯ ಐನ್‌ಮನೆಗಳಲ್ಲಿ (ಕುಲದ ಮೂಲ ಮನೆಗಳಲ್ಲಿ) ಇರುವುದು ಜಾಸ್ತಿ ಒಂಟಿ ನಳಿಕೆ ಮತ್ತು ಜೋಡಿ ನಳಿಕೆ ಕೋವಿ. ಕೆಲವರ ಹತ್ತಿರ ಬರ್ಮಿಂಗ್‌ಹ್ಯಾಮ್‌ನ ಗ್ರೀನರ್, ವೆಬ್ಲಿ ಅಂಡ್ ಸ್ಕಾಟ್, ಕೆಲವರ ಹತ್ತಿರ ಪಶ್ಚಿಮ ಬಂಗಾಳದ ಇಚ್ಛಾಪುರದ ಕಾರ್ಖಾನೆಯದು. ಇತ್ತೀಚೆಗೆ ಮುಂದಿನ ಹಿಡಿ ಎಳೆದು ತಳ್ಳಿ ತೋಟೆ ಏರಿಸುವ ಪಂಪ್ ಆ್ಯಕ್ಷನ್ ಕೂಡ ಬಂದಿದೆ. ಹಳೇ ಇಂಗ್ಲಿಷ್ ಕೋವಿ ಇಟ್ಟುಕೊಂಡವರು ಒಂದು ವಿಷಯ ತಿಳಿದಿರಲೇಬೇಕು. ಅವುಗಳಲ್ಲಿ ಬಹಳಷ್ಟು ಕೋವಿಗಳ ತೋಟೆ ಕೂರುವ ಜಾಗ 2½ ಇಂಚು, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ 65ರದೂ ಸಿಗುತ್ತದೆ, 70ರದೂ ಸಿಗುತ್ತದೆ. ತೊಂದರೆ ಏನೆಂದರೆ 70ರ ತೋಟೆ 65ರ ಕೋವಿಯಲ್ಲಿ ಆರಾಮಾಗಿ ಕೂರುತ್ತದೆ, ಮುಚ್ಚಿದರೆ ಮುಚ್ಚುತ್ತದೆ, ಟಕ್ ಅಂತ ಲಾಕ್ ಆಗುತ್ತದೆ. ಯಾಕೆಂದರೆ ಆ 70 ಅನ್ನುವ ಅಳತೆ ಗುಂಡು ಹೊಡೆದ ಮೇಲಿನದು. ಹೊಡೆಯುವ ಮೊದಲು ಬಾಯಿ ಮಡಚಿರುತ್ತದೆ, ಅದಕ್ಕೇ ಗಿಡ್ಡ ಕಾಣುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಜಾಗಕ್ಕೆ ನುಗ್ಗುತ್ತದೆ, ಚರೆ (ತೋಟೆಯ ಸಣ್ಣ ಗುಂಡುಗಳು) ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ನೂರು ವರ್ಷದ ನಳಿಕೆಗೆ ಇದು ಬೇಕಾ? ನನಗೇ ಒಂದು ಅಂಗಡಿಯಲ್ಲಿ ಯಾವ ಕೋವಿ, ಎಷ್ಟು ಅಳತೆ ಅಂತ ಒಂದು ಮಾತು ಕೇಳದೆ 70ರ ಡಬ್ಬಿ ಕೊಟ್ಟು ಕಳಿಸಲು ನೋಡಿದರು. ಡಬ್ಬಿ ಮೇಲೆ ಓದಿ ವಾಪಸ್ ಕೊಟ್ಟೆ. ನಿಮ್ಮ ಕೋವಿಯ ನಳಿಕೆ ಬಿಚ್ಚಿ ಅಡಿಭಾಗದ ಚಪ್ಪಟೆ ಜಾಗ ನೋಡಿ. ಅನೇಕ ಕೋವಿಗಳಲ್ಲಿ ಅಳತೆ ಅಲ್ಲೇ ಕೆತ್ತಿರುತ್ತದೆ. ನೈಟ್ರೋ ಪ್ರೂಫ್ ಗುರುತು, ಅಂದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿರುವ ಗುರುತು, ಇದೆಯಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ನಳಿಕೆ ಮೇಲೆ ಸುರುಳಿ ಸುರುಳಿಯಾಗಿ ಗೆರೆಗಳಿರುವ ಡಮಾಸ್ಕಸ್ ಕೋವಿಯಾದರೆ ಅದಕ್ಕೆ ಈಗಿನ ತೋಟೆ ಹಾಕಲೇಬೇಡಿ. ಅವು ಹೊಗೆ ಬರುವ ಹಳೇ ಕರಿ ಮದ್ದಿನ ಕಾಲದವು. ಪೂಜೆಗೆ ಇಡಿ, ಗೋಡೆಗೆ ಚೆಂದ ಕಾಣುತ್ತದೆ, ಸಾಕು.

ತೋಟೆ ವಿಷಯದಲ್ಲಿ ನಮ್ಮ ದೊಡ್ಡ ಶತ್ರು ತೇವ. ಪುಣೆಯ ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ತೋಟೆ ನಮ್ಮಲ್ಲಿ ಎಲ್ಲರೂ ಬಳಸುತ್ತಾರೆ. ಒಂದು ಡಬ್ಬಿ ತಂದರೆ ಅರ್ಧ ಖರ್ಚಾಗುತ್ತದೆ, ಉಳಿದದ್ದು ಬೀರುವಿನ ಮೂಲೆಯಲ್ಲಿ ವರ್ಷಗಟ್ಟಲೆ. ಕಾಗದದ ತೋಟೆಯಾದರೆ ಉಬ್ಬುತ್ತದೆ, ಪ್ಲಾಸ್ಟಿಕ್ ಆದರೂ ಹಿತ್ತಾಳೆ ಹಸಿರು ಕಟ್ಟುತ್ತದೆ. ತೇವ ಹಿಡಿದ ತೋಟೆ ಹೊಡೆಯದೇ ಇದ್ದರೆ ಅಷ್ಟು ಅಪಾಯ ಇಲ್ಲ. ಅರ್ಧ ಹೊಡೆದರೆ ಅಪಾಯ. ಢಂ ಅನ್ನುವ ಬದಲು ಟುಸ್ ಅನ್ನುತ್ತದೆ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಕೆಯ ಮಧ್ಯದಲ್ಲೇ ಸಿಕ್ಕಿಕೊಂಡಿರುತ್ತದೆ. ಸುತ್ತ ನಿಂತವರು "ಇನ್ನೊಂದು ಹಾಕಿ ಹೊಡೆಯಿರಿ" ಅನ್ನುತ್ತಾರೆ. ಆ ಇನ್ನೊಂದೇ ನಳಿಕೆ ಸೀಳುವುದು. ಹಾಗೆ ಶಬ್ದ ಕಡಿಮೆ ಬಂದರೆ, ಒದೆತ ಕಡಿಮೆ ಅನ್ನಿಸಿದರೆ, ಅಲ್ಲಿಗೇ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಕೆ ಒಳಗೆ ಬೆಳಕು ಕಾಣುತ್ತದಾ ನೋಡಿ. ಕೋವಿಯ ಕುದುರೆ (ತೋಟೆ ಸಿಡಿಸಲು ಬಡಿಯುವ ಭಾಗ) ಬಿದ್ದರೂ ಏನೂ ಆಗದಿದ್ದರೆ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ಕೆಲವು ತೋಟೆ ತಡವಾಗಿ ಸಿಡಿಯುತ್ತವೆ.

ನಮ್ಮ ಜೋಡಿ ನಳಿಕೆ ಕೋವಿಯ ದೊಡ್ಡ ಗುಣ ಇಲ್ಲೇ ಇದೆ. ಕೀಲಿನಲ್ಲಿ ಮಡಚಿ ತೆರೆದರೆ ಕಣ್ಣಿಗೆ ನೇರವಾಗಿ ಎರಡೂ ನಳಿಕೆಯ ಆಚೆಯ ಆಕಾಶ ಕಾಣುತ್ತದೆ. ಪ್ರತಿ ಸಲ ತುಂಬುವಾಗಲೂ ನೋಡಬಹುದು. ಸೆಮಿ ಆಟೋದಲ್ಲಾಗಲಿ ಪಂಪ್‌ನಲ್ಲಾಗಲಿ ಅಷ್ಟು ಸುಲಭ ಇಲ್ಲ. ಪಂಪ್‌ನಲ್ಲಿ ಕೈ ಅಭ್ಯಾಸಬಲದಿಂದ ಎಳೆದು ತಳ್ಳಿಬಿಡುತ್ತದೆ, ಮುಂದಿನ ತೋಟೆ ಆಗಲೇ ಒಳಗೆ ಕೂತಿರುತ್ತದೆ. ನಮ್ಮಂಥ ತೇವದ ಊರಿನಲ್ಲಿ, ವರ್ಷಕ್ಕೆ ಕೆಲವೇ ಗುಂಡು ಹೊಡೆಯುವ ಮನೆಗಳಿಗೆ, ಈ ತೆರೆದು ನೋಡುವ ಅನುಕೂಲಕ್ಕಿಂತ ದೊಡ್ಡದು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೋಡಿದರೆ ಏನೇನು ಸಿಗುತ್ತದೆ ಗೊತ್ತಾ? ಕಣಜದ ಗೂಡು. ಗೋಡೆಗೆ ತೂಗುಹಾಕಿದ ಕೋವಿಯ ನಳಿಕೆ ಅಂದರೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ವರ್ಷ ನಮ್ಮ ಕೋವಿಯ ಎಡ ನಳಿಕೆಯಲ್ಲಿ ತುದಿಯಿಂದ ಒಂದು ಗೇಣು ಒಳಗೆ ಕೆಂಪು ಮಣ್ಣು ಕಟ್ಟಿತ್ತು. ಸಲಾಕೆ ಹಾಕಿ ತಳ್ಳಿದರೆ ಗಟ್ಟಿ ಉಂಡೆಯಾಗಿ ಬಿತ್ತು, ಒಡೆದು ನೋಡಿದರೆ ಒಳಗೆ ಒಣಗಿದ ಜೇಡಗಳು. ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಅದರ ಮೇಲೆ ಗುಂಡು ಹೊಡೆದಿದ್ದರೆ ಮುಂದೆ ಹಿಡಿದ ಎಡಗೈ ಏನಾಗುತ್ತಿತ್ತು? ಇನ್ನೊಂದು, ದೊಡ್ಡ ನಳಿಕೆಯ 12 ಬೋರ್ ಮತ್ತು ಸಣ್ಣ ನಳಿಕೆಯ 20 ಬೋರ್ ಎರಡೂ ಇರುವ ಮನೆಯವರು ತೋಟೆಗಳನ್ನು ಒಂದೇ ಚೀಲದಲ್ಲಿ ಇಡಬೇಡಿ. 20ರ ತೋಟೆ 12ರ ನಳಿಕೆಗೆ ಹಾಕಿದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕೋವಿ ಖಾಲಿ ಇದ್ದ ಹಾಗೇ ಕಾಣುತ್ತದೆ, ಹಿಂದೆ 12ರದ್ದು ಕೂರುತ್ತದೆ. ಹೊರದೇಶಗಳಲ್ಲಿ 20 ಬೋರ್ ತೋಟೆಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಆರೈಕೆ ಕಷ್ಟದ ಕೆಲಸ ಅಲ್ಲ. ಎಲ್ಲಕ್ಕಿಂತ ಮೊದಲು ಕೋವಿ ಖಾಲಿ ಇದೆಯಾ ಅಂತ ಸ್ವಂತ ಕಣ್ಣಿನಿಂದ ನೋಡಿ. "ಖಾಲಿ ಇದೆ" ಅಂತ ಯಾರೇ ಹೇಳಲಿ, ನಂಬಬೇಡಿ. ಪಂಪ್ ಆದರೆ ಕೆಳಗಿನ ಕೊಳವೆಯೂ ಖಾಲಿ ಇದೆಯಾ ಅಂತ ಬೆರಳು ಹಾಕಿ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಆಮೇಲೆ ನಳಿಕೆ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ಹಿತ್ತಾಳೆ ಬ್ರಷ್ ಹಾಕಿ ಉಜ್ಜಿ, ಒಣ ಬಟ್ಟೆ, ಮತ್ತೆ ಎಣ್ಣೆ ಬಟ್ಟೆ. ತೋಟೆ ಕೂರುವ ಜಾಗವನ್ನು ಮರೆಯಬೇಡಿ, ತುಕ್ಕು ಮೊದಲು ಹಿಡಿಯುವುದು ಅಲ್ಲೇ, ಆಮೇಲೆ ಖಾಲಿ ತೋಟೆ ಅಂಟಿಕೊಂಡು ಚಾಕು ಹಾಕಿ ಮೀಟುವ ಪರಿಸ್ಥಿತಿ ಬರುತ್ತದೆ. ಎಣ್ಣೆ ತೆಳ್ಳಗೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಹಿಂದೆ ಏನೂ ಸಿಗದ ಕಾಲದಲ್ಲಿ ಹಾಕುತ್ತಿದ್ದರು, ಅದು ಕೆಲವು ತಿಂಗಳಲ್ಲಿ ಅಂಟಾಗಿ ಒಳಗಿನ ಸ್ಪ್ರಿಂಗ್‌ಗಳನ್ನು ಹಿಡಿದುಬಿಡುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಪರವಾಗಿಲ್ಲ. ಡಬ್ಲ್ಯುಡಿ-40 ಸ್ಪ್ರೇ ನೀರು ಓಡಿಸಲು ಒಳ್ಳೆಯದು, ಆದರೆ ಬೇಗ ಆರಿಹೋಗುತ್ತದೆ. ಮಳೆಗಾಲಪೂರ್ತಿ ಕಾಯಲು ಅದೊಂದೇ ಸಾಲದು, ಮೇಲೆ ಎಣ್ಣೆ ಬೇಕು.

ಇಡುವ ಜಾಗವೂ ಅಷ್ಟೇ ಮುಖ್ಯ. ಹಳೇ ಮನೆಯಲ್ಲಿ ದಿನವಿಡೀ ಸೌದೆ ಒಲೆ ಉರಿಯುತ್ತಿತ್ತು, ಮನೆ ಒಳಗೆ ಬೆಚ್ಚಗೆ ಇರುತ್ತಿತ್ತು, ಕೋವಿ ತಾನಾಗಿ ಒಣಗಿರುತ್ತಿತ್ತು. ಈಗ ಸಿಮೆಂಟ್ ಮನೆ, ಗ್ಯಾಸ್ ಒಲೆ. ಅದರ ಮೇಲೆ ಸ್ಪಂಜು ಹಾಕಿದ ಚೆಂದದ ಬ್ಯಾಗ್‌ನಲ್ಲೋ ಚರ್ಮದ ಪೆಟ್ಟಿಗೆಯಲ್ಲೋ ಜಿಪ್ ಎಳೆದು ಇಡುತ್ತಾರೆ. ಆ ಸ್ಪಂಜು ತೇವ ಹೀರಿಕೊಂಡು ಕೋವಿಗೇ ಹಚ್ಚುತ್ತದೆ. ಬ್ಯಾಗ್ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಬೀಗ ಹಾಕಿದ ಬೀರು, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳು, ಸಾಧ್ಯವಾದರೆ ಒಂದು ಜೀರೋ ಕ್ಯಾಂಡಲ್ ಬಲ್ಬ್. ಎಣ್ಣೆ ಹಾಕಿದ ಮೇಲೆ ಒಂದು ರಾತ್ರಿ ನಳಿಕೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಹಿಂದಕ್ಕೆ ಇಳಿದು ಮರ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ದೇವರ ಕೋಣೆಯಲ್ಲಿ ಇಟ್ಟದ್ದನ್ನು ತೆಗೆಯಬಹುದಾ ಅಂತ ಕೇಳುವವರಿದ್ದಾರೆ. ಎಣ್ಣೆ ಹಾಕುವುದು ಸೇವೆಯೇ ಅಲ್ವಾ?

ಪೂಜೆಯ ದಿನದ ಬಗ್ಗೆ ಒಂದು ಸಣ್ಣ ಮಾತು. ಗಂಧ ಅಂದರೆ ನೀರಿನಲ್ಲಿ ತೇದದ್ದು. ಹೂವಿನಲ್ಲೂ ನೀರಿದೆ. ಅದನ್ನು ನಳಿಕೆ ಮೇಲೆ ಹಚ್ಚಿ ಮಾರನೇ ದಿನದವರೆಗೆ ಬಿಟ್ಟರೆ, ಗಂಧದ ಬೊಟ್ಟಿನ ಆಕಾರಕ್ಕೇ ತುಕ್ಕಿನ ಕಲೆ ಬೀಳುತ್ತದೆ. ಇಂಥ ಗುಂಡಗಿನ ಕಲೆ ಇರುವ ಕೋವಿಗಳನ್ನು ನಾನು ನೋಡಿದ್ದೇನೆ. ಗಂಧವನ್ನು ಮರದ ಭಾಗಕ್ಕೆ ಹಚ್ಚಿ, ಇಲ್ಲವೇ ಗುಂಡು ಹೊಡೆಯುವ ಮೊದಲೇ ಒರೆಸಿ, ಸಂಜೆ ಎಣ್ಣೆ ಬಟ್ಟೆ ಆಡಿಸಿ. ಸುಗ್ಗಿ ಹಬ್ಬ ಹುತ್ತರಿಗೂ ಇದೇ ಮಾತು. ಕದಿರು ತೆಗೆಯುವಾಗ ಗದ್ದೆಯ ಇಬ್ಬನಿಯಲ್ಲಿ ಗುಂಡು ಹೊಡೆದು, ಮನೆಗೆ ಬಂದು ಊಟದ ಗಡಿಬಿಡಿಯಲ್ಲಿ ಕೋವಿಯನ್ನು ಮೂಲೆಗೆ ಒರಗಿಸಿ ಮರೆತುಬಿಡುತ್ತೇವೆ. ಸಾವಿನ ಮನೆಯಲ್ಲಿ ಜೋಡಿ ಗುಂಡು ಹೊಡೆದ ದಿನವಂತೂ ಯಾರಿಗೂ ನೆನಪಾಗುವುದಿಲ್ಲ, ಅದು ಸಹಜ. ಒಕ್ಕದಲ್ಲಿ (ಕುಲದಲ್ಲಿ) ಯಾರಾದರೂ ಒಬ್ಬ ಹುಡುಗನಿಗೋ ಹುಡುಗಿಗೋ ಈ ಜವಾಬ್ದಾರಿ ಕೊಟ್ಟುಬಿಟ್ಟರೆ ಒಳ್ಳೆಯದು.

ಹಳೇ ಕೋವಿ ಗಟ್ಟಿಯಿದೆಯಾ ಅಂತ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಖಾಲಿ ಕೋವಿಯ ಮುಂದಿನ ಮರ ತೆಗೆದು, ಮುಚ್ಚಿ, ನಳಿಕೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಮುಚ್ಚಿದ ಮೇಲೆ ನಳಿಕೆಗೂ ಹಿಂದಿನ ಗೋಡೆಗೂ ನಡುವೆ ಬೆಳಕು ಕಂಡರೆ ಹೊಡೆಯಬೇಡಿ. ನಳಿಕೆ ಜೋಡಿಯನ್ನು ಬಿಚ್ಚಿ, ಅಡಿಯ ಕೊಕ್ಕೆಯಿಂದ ಬೆರಳಲ್ಲಿ ತೂಗಿ ಹಿಡಿದು ಮರದ ಕಡ್ಡಿಯಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಡಬ್ ಅಂತ ಸತ್ತ ಶಬ್ದ ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು, ಆ ಸಂದಿಯಲ್ಲಿ ನೀರು ಕೂತು ಒಳಗಿನಿಂದ ತಿನ್ನುತ್ತದೆ. ಇಲ್ಲಿಂದ ಮುಂದೆ ನಮ್ಮ ಕೆಲಸ ಅಲ್ಲ, ಕಸುಬಿನವರದು.

ಆ ಕಸುಬಿನವರೇ ಸಿಗುತ್ತಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ಮಾಡಿಕೊಡುವವರಿಗೂ ಲೈಸೆನ್ಸ್ ಬೇಕು. ಅದು ಸರಿಯಾದ ನಿಯಮವೇ. ಆದರೆ ಹಳಬರು ಕೈಬಿಟ್ಟ ಮೇಲೆ ಅವರ ಮಕ್ಕಳು ಬೇರೆ ಕೆಲಸ ಹಿಡಿದರು, ಹೊಸಬರು ಬರಲಿಲ್ಲ. ಈಗ ಒಂದು ಸ್ಪ್ರಿಂಗ್ ಮುರಿದರೆ ಮೈಸೂರು, ಬೆಂಗಳೂರು ಅಂತ ಓಡಬೇಕು. ಓಡಲಾಗದವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿಸುತ್ತಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಆಗಸ್ಟ್ ಕೊನೆಯ ವಾರ ಪ್ರತಿ ತಾಲ್ಲೂಕಿನಲ್ಲಿ ಒಂದು ದಿನ, ಕೊಡವ ಸಮಾಜಗಳು, ಗೌಡ ಸಮಾಜಗಳು, ಬೆಳೆಗಾರರ ಸಂಘಗಳು ಸೇರಿ, ಪೊಲೀಸರ ಒಪ್ಪಿಗೆ ಪಡೆದು, ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಸಿ ಕೋವಿ ತಪಾಸಣೆ ಇಡಲಿ. ಸ್ಪರ್ಧೆ ನಡೆಸುವವರು, ನಳಿಕೆ ನೋಡದ ಕೋವಿಗೆ ಮೈದಾನದಲ್ಲಿ ತೋಟೆ ಕೊಡುವುದಿಲ್ಲ ಅಂತ ನಿಯಮ ಮಾಡಲಿ. ತೋಟೆ ಮಾರುವವರು 65 ಬೇಕಾ 70 ಬೇಕಾ ಅಂತ ಕೇಳಿಯೇ ಕೊಡಲಿ. ಚುನಾವಣೆ ಸಮಯದಲ್ಲಿ ಕೋವಿ ಒಪ್ಪಿಸಬೇಕಾದವರು ಎಣ್ಣೆ ಹಾಕಿ, ಬಟ್ಟೆ ಸುತ್ತಿ, ಹೆಸರು ಬರೆದು ಕೊಡಲಿ, ಇಟ್ಟುಕೊಳ್ಳುವ ಕಡೆಯೂ ಸೋರದ ಕೋಣೆಯಲ್ಲಿ, ನೆಲದ ಮೇಲೆ ರಾಶಿ ಹಾಕದೆ ಇಡಲಿ.

ಮತ್ತು ಐಟಿಐನಲ್ಲಿ ಫಿಟ್ಟರ್, ಟರ್ನರ್ ಕಲಿತ ನಮ್ಮ ಹುಡುಗರಲ್ಲಿ ಯಾರಿಗಾದರೂ ಈ ಕೆಲಸ ಕಲಿಯುವ ಮನಸ್ಸಿದ್ದರೆ, ಅವರಿಗೆ ಹಳೇ ಕಸುಬಿನವರ ಹತ್ತಿರ ತರಬೇತಿ ಕೊಡಿಸಿ ರಿಪೇರಿ ಲೈಸೆನ್ಸ್ ಅರ್ಜಿಯನ್ನು ಜಿಲ್ಲಾಡಳಿತ ಬೇಗ ಪರಿಶೀಲಿಸಲಿ. ಕೊಡಗಿನಂಥ ಜಿಲ್ಲೆಯಲ್ಲಿ ಒಬ್ಬ ಒಳ್ಳೆಯ ರಿಪೇರಿಯವನಿಗೆ ವರ್ಷಪೂರ್ತಿ ಕೆಲಸ ಸಿಗುತ್ತದೆ. ಹಾಗೆ ಯಾರಾದರೂ ಮುಂದೆ ಬಂದರೆ ಅವರಿಗೆ ಬೇಕಾದ ಉಪಕರಣದ ಖರ್ಚಿಗೆ ನಮ್ಮ ಊರಿನ ಕೆಲವು ಮನೆಯವರು ಸೇರಿ ಕೈಜೋಡಿಸಲು ಸಿದ್ಧರಿದ್ದೇವೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ,
ನಾಪೋಕ್ಲು, ಕೊಡಗು